ನೀಲಿ ಹರವಿ ಕೆಟ್ಟ ವಾರ

ಸೋಮವಾರ ಬೆಳಗಿನ ಹತ್ತು ಗಂಟೆ ಇಪ್ಪತ್ತು ನಿಮಿಷ. ಪಡಸಾಲೆಯ ಗಡಿಯಾರ ಹತ್ತೂವರೆ ತೋರಿಸುತ್ತಿತ್ತು, ಆದರೆ ಅದು ಯಾವಾಗಲೂ ಹತ್ತು ನಿಮಿಷ ಮುಂದೆ. ಮಹಾಲಿಂಗಪುರದ ಮೋಟಾರು ತಪ್ಪಬಾರದೆಂದು ಮನೆಯ ಯಜಮಾನರೇ ಹಾಗೆ ಇಟ್ಟಿದ್ದರು. ನಾನು ರಬಕವಿಯಲ್ಲಿ, ನೂಲಿಗೆ ಬಣ್ಣ ಹಾಕುವ ಆ ಮನೆಯಲ್ಲಿ, ಚಾಪೆಯ ಮೇಲೆ ಕೂತು ನೂಲಿನ ಲಡಿಗಳಿಗೆ ಹೆಸರಿನ ಚೀಟಿ ಕಟ್ಟುತ್ತಿದ್ದೆ. ಅಂಚೆಯವನು ಹೊಸ್ತಿಲಿನಿಂದಲೇ ಒಂದು ಕಾರ್ಡು ಎಸೆದು, "ಪೇಡೆ ಯಾವಾಗರೀ?" ಎಂದು ನಕ್ಕು ಹೋದ.

ಆ ನಗು ನನಗೆ ಸರಿ ಕಾಣಲಿಲ್ಲ. ನಾಲ್ಕು ದಿನಗಳಿಂದ ಪೇಟೆಯಲ್ಲಿ ಒಬ್ಬರಲ್ಲ ಒಬ್ಬರು ಹಾಗೆಯೇ ನಗುತ್ತಿದ್ದರು. ಚಹದಂಗಡಿಯವನು ಕೇಳದೆಯೇ ಕಪ್ಪಿಗೆ ಕೆನೆ ಹಾಕಿದ್ದ. ಬನಹಟ್ಟಿಯಿಂದ ನೂಲು ತರುವ ನೇಕಾರರೊಬ್ಬರು ಇದ್ದಕ್ಕಿದ್ದಂತೆ ನನ್ನನ್ನು "ಸಾಹೇಬ್ರ" ಎಂದಿದ್ದರು. ನನ್ನ ಬೆನ್ನ ಹಿಂದೆ ಏನೋ ನಡೆಯುತ್ತಿದೆ ಎಂದು ಗೊತ್ತಾಗುತ್ತಿತ್ತು, ಏನೆಂದು ಗೊತ್ತಾಗುತ್ತಿರಲಿಲ್ಲ.

ಕಾರ್ಡು ಜಮಖಂಡಿಯಿಂದ ಬಂದಿತ್ತು. ನನಗೆ ಕಾಲೇಜಿನ ಫೀ ಮತ್ತು ಊಟದ ಖರ್ಚು ಕೊಡುತ್ತಿದ್ದ ವಿದ್ಯಾರ್ಥಿ ನಿಧಿಯ ಕಾರ್ಯದರ್ಶಿಗಳು, ಒಬ್ಬ ವಯಸ್ಸಾದ ವಕೀಲರು, ತಮ್ಮ ಸಣ್ಣ ದುಂಡು ಅಕ್ಷರದಲ್ಲಿ ಬರೆದಿದ್ದರು. ನನಗೆ ರೇಲ್ವೆಯಲ್ಲಿ ನೌಕರಿ ದೊರೆತ ಸುದ್ದಿ ಕೇಳಿ ಹಿರಿಯರಿಗೆಲ್ಲ ಸಂತೋಷವಾಗಿದೆ. ನಿಯಮದಂತೆ ನನ್ನ ಸಹಾಯವನ್ನು ಬರುವ ಜೂನಿನಿಂದ ಯಾದಿಯಲ್ಲಿ ಮುಂದಿನ ವಿದ್ಯಾರ್ಥಿಗೆ ವರ್ಗ ಮಾಡಲಾಗುವುದು. ಗುರುವಾರ ಮಧ್ಯಾಹ್ನ ಮೂರಕ್ಕೆ ಸಭೆ. ಬಂದು ಸಹಿ ಮಾಡಿ ಹೋಗಬೇಕು.

ನನಗೆ ಯಾವ ನೌಕರಿಯೂ ಸಿಕ್ಕಿರಲಿಲ್ಲ. ನೌಕರಿಗೆಂದು ಒಂದು ಅರ್ಜಿಯನ್ನೂ ನಾನು ಬರೆದಿರಲಿಲ್ಲ.

ಆ ನಿಧಿಯ ವಿಷಯ ಹೇಳಬೇಕು. ನಮ್ಮಪ್ಪ ಜಮಖಂಡಿ ಸಂಸ್ಥಾನದ ಕಚೇರಿಯಲ್ಲಿ ಕಾರಕೂನರಾಗಿದ್ದರು. ಸಂಸ್ಥಾನ ಮುಂಬಯಿ ಸರ್ಕಾರಕ್ಕೆ ಸೇರುವ ಮೊದಲೇ ತೀರಿಕೊಂಡರು. ಸಂಸ್ಥಾನವಿದ್ದಾಗ ಇಂಥ ಮನೆಯ ಹುಡುಗರು ಅರಮನೆಗೊಂದು ವಿನಂತಿ ಬರೆದುಕೊಂಡರೆ ಏನಾದರೂ ದಾರಿಯಾಗುತ್ತಿತ್ತಂತೆ. ಸಂಸ್ಥಾನ ಹೋದ ಮೇಲೆ ಆ ಬಾಗಿಲೂ ಹೋಯಿತು. ಆಗ ಊರಿನ ಕೆಲವು ಹಿರಿಯರು ಸೇರಿ ಈ ನಿಧಿ ಮಾಡಿದರು. ಅವ್ವ ಬೀಳಗಿಯಲ್ಲಿ ಅವಳ ಅಣ್ಣನ ಮನೆಯಲ್ಲಿದ್ದಳು. ಕಾಲೇಜು ಇದ್ದದ್ದು ಕುಡಚಿಗೆ ಹೋಗಿ ರೈಲು ಹತ್ತಿ ಮುಟ್ಟಬೇಕಾದ ಊರಿನಲ್ಲಿ. ನಿಧಿ ಇಲ್ಲದಿದ್ದರೆ ನನಗೆ ಕಾಲೇಜಿಲ್ಲ, ಅಷ್ಟೇ.

ಆದರೆ ನಿಧಿಯ ಫಾರ್ಮಿನಲ್ಲಿ ಕೊನೆಗೊಂದು ಕಲಮು ಇತ್ತು. ಅರ್ಜಿದಾರನು ಯಾವ ಉದ್ಯೋಗದಲ್ಲೂ ಇರತಕ್ಕದ್ದಲ್ಲ. ನಾನು ಎರಡು ವರ್ಷ ಅದರ ಕೆಳಗೆ ಸಹಿ ಮಾಡಿದ್ದೆ, ಎರಡು ವರ್ಷವೂ ಬೇಸಿಗೆಯ ಸೂಟಿಯಲ್ಲಿ ರಬಕವಿಗೆ ಬಂದು ಈ ಬಣ್ಣದ ಮನೆಯಲ್ಲಿ ದುಡಿದಿದ್ದೆ. ಚೀಟಿ ಬರೆಯುವುದು, ಸೊಲ್ಲಾಪುರದ ಮತ್ತು ಮುಂಬಯಿಯ ಬಣ್ಣದ ವ್ಯಾಪಾರಿಗಳಿಗೆ ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ಕಾಗದ ಬರೆಯುವುದು, ಕೈ ಸಾಲದಾಗ ಲಡಿ ಹಿಂಡುವುದು. ನಿಧಿ ನನ್ನನ್ನು ಕಾಲೇಜಿನ ಬಾಗಿಲೊಳಗೆ ಬಿಡುತ್ತಿತ್ತು. ಒಳಗೆ ಕೂತು ಓದಲು ಬೇಕಾದದ್ದೆಲ್ಲ, ಪುಸ್ತಕ, ರೈಲಿನ ಟಿಕೀಟು, ಚಿಮಣಿ ಎಣ್ಣೆ, ಪರೀಕ್ಷೆಯ ಫೀ, ಈ ಮನೆಯಿಂದ ಬರುತ್ತಿತ್ತು. ಒಂದನ್ನು ಬಿಟ್ಟರೆ ಇನ್ನೊಂದು ಉಪಯೋಗವಿಲ್ಲ. ಒಂದನ್ನು ಹೇಳಿದರೆ ಇನ್ನೊಂದು ಉಳಿಯುವುದಿಲ್ಲ. ಜಮಖಂಡಿಗೆ ಸಹಿ ಮಾಡಲು ಹೋಗುವ ಮುನ್ನಾದಿನ ಹುಣಸೆಹಣ್ಣು, ಬೂದಿ ಹಾಕಿ ಉಗುರು ತಿಕ್ಕುತ್ತಿದ್ದೆ. ನೀಲಿ ಅಷ್ಟು ಸುಲಭಕ್ಕೆ ಹೋಗುವ ಬಣ್ಣವಲ್ಲ.

ಹೀಗಾಗಿ ಆ ಕಾರ್ಡು ಓದಿದಾಗ ನನಗೆ ಹೊಳೆದ ಮೊದಲ ಮಾತು, ಯಾರೋ ನನ್ನ ಮೇಲೆ ಚಾಡಿ ಹೇಳಿದ್ದಾರೆ. ಎರಡನೆಯ ಮಾತು, ಯಾದಿಯಲ್ಲಿ ಮುಂದಿನವನು ಯಾರು ಎಂಬುದು ನನಗೆ ಗೊತ್ತಿದೆ.

ಅವನು ಮುಧೋಳದವನು. ಪೇಟೆಯಲ್ಲಿ ಅವರಪ್ಪನದು ಹೊಲಿಗೆಯ ಅಂಗಡಿ. ಕಾಲೇಜಿನಲ್ಲಿ ನನ್ನ ಖೋಲಿಯಲ್ಲೇ ಇದ್ದ. ಫೀ ತುಂಬುವ ಕೊನೆಯ ದಿನ ಬಂದಾಗಲೆಲ್ಲ ಅವನಿಗೆ ಜ್ವರ ಬರುತ್ತಿತ್ತು. ಜ್ವರವಲ್ಲ, ಚಾದರ ಹೊದ್ದು ಮಲಗುತ್ತಿದ್ದ. ನಿಧಿಗೆ ಅರ್ಜಿ ಹಾಕು ಎಂದು ಹೇಳಿದವನೂ ನಾನೇ, ಅವನ ಫಾರ್ಮು ತುಂಬಿದವನೂ ನಾನೇ. ನಾನು ಬಣ್ಣದ ಮನೆಯಲ್ಲಿ ದುಡಿಯುವುದು ಕಾಲೇಜಿನಲ್ಲಿ ಅವನೊಬ್ಬನಿಗೆ ಮಾತ್ರ ಗೊತ್ತಿತ್ತು.

ಮಂಗಳವಾರ ಬೆಳಿಗ್ಗೆ ಮೊದಲ ಮೋಟಾರು ಹತ್ತಿ ಮುಧೋಳಕ್ಕೆ ಹೋದೆ. ದಾರಿಯುದ್ದಕ್ಕೂ ಅವನು ಏನೆನ್ನುತ್ತಾನೆ, ಅದಕ್ಕೆ ನಾನೇನೆನ್ನಬೇಕು ಎಂದು ಹೊಂದಿಸಿಕೊಳ್ಳುತ್ತ ಹೋದೆ. ಅವನು ಅಂಗಡಿಯಲ್ಲಿ ಮಶೀನಿನ ಮುಂದೆ ಕೂತಿದ್ದ. ನನ್ನನ್ನು ಕಂಡು ಬಾಯಿ ತುಂಬ ನಕ್ಕ.

"ಏನಲೇ, ರೇಲ್ವೆ ಸಾಹೇಬ್ರು! ಬರ್ರಿ, ಬರ್ರಿ. ಕೋಟು ಹೊಲಿಸಾಕ ಬಂದ್ರೇನು?"

"ಯಾರು ಹೇಳಿದ್ರು ನಿನಗ?"

"ಯಾರು ಹೇಳೂದೇನೈತಿ? ಊರಿಗೂರ ಹೇಳಾಕತ್ತೈತಿ. ನೀ ಒಬ್ಬಾಂವ ಹೇಳಲಿಲ್ಲ."

"ನೀನ ಹಬ್ಬಿಸೀದಿ."

ಅವನು ಚಕ್ರದ ಮೇಲೆ ಕೈಯಿಟ್ಟು ಮಶೀನು ನಿಲ್ಲಿಸಿದ. "ಏನಂದಿ?"

"ನನಗ ನೌಕರಿ ಆತು ಅಂದ್ರ ಯಾರಿಗೆ ಲಾಭ ಐತಿ? ಯಾದ್ಯಾಗ ನನ್ನ ಹಿಂದ ಯಾರದಾರ? ಹೇಳು."

ಅವನು ಮಶೀನಿನ ಖಾನೆಯೊಳಗಿಂದ ಒಂದು ಕಾರ್ಡು ತೆಗೆದು ನನ್ನ ಮುಂದೆ ಇಟ್ಟ. ಅದೇ ದುಂಡು ಅಕ್ಷರ. ಗುರುವಾರ ಮೂರಕ್ಕೆ ಅವನಿಗೂ ಬರಹೇಳಿದ್ದರು.

"ನಿನ್ನೆ ಬಂತಿದು. ಓದಿ ಖುಷಿ ಆದೆ. ಹೌದು ನೋಡಪಾ, ಖುಷಿ ಆದೆ. ನಿನಗೂ ಆತು, ನನಗೂ ಆತು ಅಂತ. ಅಪ್ಪ ಆಗ್ಲೇ ಹೊಸಾ ಅಂಗಿ ಕತ್ತರಿಸ್ಯಾನ."

"ಖರೇನೋ ಸುಳ್ಳೋ, ನನ್ನ ಒಂದ ಮಾತ ಕೇಳಬಹುದಿತ್ತಲ್ಲ?"

"ನೀನೂ ನನ್ನ ಕೇಳಬಹುದಿತ್ತು. ಕೇಳದನ ಕಳ್ಳನ್ನ ಮಾಡಿದಿ."

ಅವರಪ್ಪ ಅರಿವೆ ಕತ್ತರಿಸುವ ಮಣೆಯ ಮೇಲಿಂದ ತಲೆಯೆತ್ತಲಿಲ್ಲ. ಸೀಮೆಸುಣ್ಣದಿಂದ ಗೆರೆ ಎಳೆಯುತ್ತಲೇ, "ಬಿಸಿಲಾಗೈತಿ, ನೀರ ಕುಡದು ಹೋಗಪಾ," ಎಂದರು. ನಾನು ಕುಡಿಯಲಿಲ್ಲ. ಅಂಗಡಿಯ ಮೆಟ್ಟಿಲಿಳಿದಾಗ ಗೆಳೆಯ ಹಿಂದಿನಿಂದ ಕೂಗಿ ಹೇಳಿದ, ಹೇಳಿದ್ದಕ್ಕಿಂತ ಒಗೆದ ಎಂದರೆ ಸರಿ: "ಮಹಾಲಿಂಗಪುರದ ಸ್ಟ್ಯಾಂಡಿನ್ಯಾಗ ಹೋಗಿ ಕೇಳು. ಬೆಲ್ಲದ ಅಡತಿ ಅಂಗಡಿ ಮುಂದ. ನಾ ಕೇಳಿದ್ದು ಅಲ್ಲೆ."

ಅವನು ಸುಳ್ಳು ಹೇಳುತ್ತಿದ್ದಾನೆಂದೇ ನಾನು ನಂಬಿದ್ದೆ. ಆದರೂ ಮಹಾಲಿಂಗಪುರದಲ್ಲಿ ಇಳಿದೆ. ಅಡತಿ ಅಂಗಡಿಯ ಮುಂದೆ ಬೆಲ್ಲದ ಪೆಂಟೆಗಳನ್ನು ತೂಗುತ್ತಿದ್ದವನು ನನ್ನ ಮುಖ ಕಂಡೊಡನೆ ತಕ್ಕಡಿ ಬಿಟ್ಟು ಕೈಮುಗಿದ.

"ನಮ್ಮ ಹುಡುಗಗೂ ಒಂದ ಚೀಟಿ ಕೊಡಸ್ರಿ ಸಾಹೇಬ್ರ. ಸಿಗ್ನಲ್ ಹಿಡಿಯೂ ಕೆಲಸ ಆದ್ರೂ ಅಡ್ಡಿಯಿಲ್ಲ."

"ನನಗ ನೌಕರಿ ಆಗೈತಿ ಅಂತ ನಿಮಗ ಯಾರ ಹೇಳಿದ್ರು?"

"ಯಾಕ, ನಿಮ್ಮ ಬಣ್ಣದ ಕಾಕಾನ ಹೇಳಿದ್ರಲ್ಲ. ಬೆಲ್ಲ ಒಯ್ಯಾಕ ಬಂದಾಗ. ಇಲ್ಲೆ, ಈ ಕಟ್ಟಿ ಮ್ಯಾಲೆ ನಿಂತು, ಎಲ್ಲಾರ ಮುಂದ."

ಬಣ್ಣದ ಕಾಕಾ ಎಂದರೆ ನಮ್ಮ ಯಜಮಾನರು. ನಾನು ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆ.

ಆ ಸಂಜೆ ರಬಕವಿಗೆ ಮರಳುವಾಗ ನನ್ನ ತಲೆಯಲ್ಲಿ ಒಂದು ಲೆಕ್ಕಾಚಾರ ತಾನಾಗಿ ಕೂಡಿಕೊಂಡಿತು. ಓದಿದವನು, ಮೂರು ಭಾಷೆ ಬರೆಯುವವನು, ಸೂಟಿಯ ಕೂಲಿಗೆ ಸಿಕ್ಕಿದ್ದಾನೆ. ಅವನ ಕಾಲೇಜು ನಿಂತುಹೋದರೆ? ವರ್ಷವಿಡೀ ಇದೇ ಚಾಪೆಯ ಮೇಲೆ ಕೂತು ಚೀಟಿ ಬರೆಯುತ್ತಾನೆ. ಕಾಕಾ ಒಂದು ವಾರದಿಂದ ನನ್ನನ್ನು ಹಿತ್ತಲ ಕಡೆ ಬಿಟ್ಟಿರಲಿಲ್ಲ. ನಾನು ಒಳಗೆ ಹೋದರೆ ಅವರೂ ಕಾಕಿಯೂ ಮಾತು ನಿಲ್ಲಿಸುತ್ತಿದ್ದರು. ಬೆಲ್ಲದ ನೆಪದಲ್ಲಿ ಎರಡು ಸಲ ಮಹಾಲಿಂಗಪುರಕ್ಕೆ ಹೋಗಿ ಬಂದಿದ್ದರು, ಬಂದವರು ಉತ್ಸಾಹದಿಂದಿದ್ದರು. ಎಲ್ಲ ಹೊಂದಿಕೊಂಡಿತು. ಎಷ್ಟು ಚೆನ್ನಾಗಿ ಹೊಂದಿಕೊಂಡಿತೆಂದರೆ, ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಬುಧವಾರ ಬೆಳಿಗ್ಗೆ ಕೇಳಿದೆ. ಕಾಕಾ ಹಿತ್ತಲ ಬಾಗಿಲಲ್ಲಿ ಕೂತು ಸುಣ್ಣದ ತಿಳಿ ಬಸಿಯುತ್ತಿದ್ದರು. ಮೊಣಕೈವರೆಗೆ ನೀಲಿ.

"ಕಾಕಾ, ನನಗ ನೌಕರಿ ಆತು ಅಂತ ನೀವು ಹೇಳೀರೇನು?"

"ಹೂಂ. ನಾನ ಹೇಳೀನಿ," ಎಂದರು. ಕಳ್ಳನ ಮುಖವಿರಲಿಲ್ಲ. "ಮುಟ್ಟಿತೇನು ಸುದ್ದಿ? ಎಲ್ಲೀತನಾ ಹೋಗೈತಿ?"

"ಜಮಖಂಡೀತನಾ."

"ಅಬಾಬಾಬಾ!" ಕಾಕಾ ತಿರುಗಿ ಒಳಗೆ ಕೂಗಿದರು. "ಕೇಳಿದೇನ? ಜಮಖಂಡಿ ಮುಟ್ಟೈತಿ!"

ಆಮೇಲೆ ನನ್ನ ಮುಖ ನೋಡಿದರು, ಎದ್ದರು. ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದರು.

ನೀಲಿ ಹಾಕುವ ಹರವಿಗಳು, ದೊಡ್ಡ ಮಣ್ಣಿನ ಗಡಿಗೆಗಳು, ಅಲ್ಲಿ ಕುತ್ತಿಗೆಯವರೆಗೆ ನೆಲದಲ್ಲಿ ಹೂಳಿದ್ದವು. ಬಣ್ಣದ ಪುಡಿ ಪರದೇಶದ್ದಾದರೂ ಕಾಕಾನ ಹದ ಹಳೆಯದೇ: ಬೆಲ್ಲ, ಸುಣ್ಣದ ತಿಳಿ, ಬೇಯಿಸಿದ ತಗಚಿ ಬೀಜ ಹಾಕಿ ದಿನಗಟ್ಟಲೆ ಹುಳಿಬರಿಸುವುದು. ಹದಕ್ಕೆ ಬಂದರೆ ಮೇಲೆ ತಾಮ್ರದ ಹೊಳಪಿನ ನೊರೆ, ಕೆಳಗೆ ಹಳದಿ-ಹಸಿರು ನೀರು. ಲಡಿ ಹಸಿರಾಗಿ ಮೇಲೆ ಬರುತ್ತದೆ, ಗಾಳಿಗೆ ಹಿಡಿದರೆ ನೋಡನೋಡುತ್ತ ನೀಲಿಯಾಗುತ್ತದೆ. ಎಲ್ಲಕ್ಕಿಂತ ದೊಡ್ಡ ಹರವಿ ಮಾತ್ರ ಆ ದಿನ ಬೂದಿ ಬಣ್ಣಕ್ಕೆ ತಿರುಗಿ ನಾರುತ್ತಿತ್ತು.

"ಹೋದ ಬುಧವಾರ ಕೆಟ್ಟೈತಿ ಇದು," ಎಂದರು ಕಾಕಾ, ಹರವಿಗೆ ಕೇಳಬಾರದೆಂಬಂತೆ ಸಣ್ಣ ದನಿಯಲ್ಲಿ. "ಕೆಟ್ಟ ಹರವಿಗೆ ಊರಾಗ ಒಂದ ಸುಳ್ಳು ಬಿಡಬೇಕು, ತಮ್ಮಾ. ಮಂದಿ ನಂಬಿದ್ರ ಹರವಿ ತಿರಗತೈತಿ, ಮತ್ತ ಹದಕ್ಕ ಬರತೈತಿ. ನಮ್ಮಪ್ಪ ಬಿಡ್ತಿದ್ದ, ಅವರಪ್ಪ ಬಿಡ್ತಿದ್ದ. ಅವರ ಕಾಲದಾಗ ಸಾವಳಗಿಯೊಳಗ ಎರಡ ತಲಿ ಕರು ಹುಟ್ಟೈತಿ ಅಂದ್ರ ಗಾಡಿ ಕಟಗೊಂಡ ನೋಡಾಕ ಹೋಗ್ತಿದ್ರು. ಹೋದ ವರ್ಷ ನಾ ಬೀಳಗಿ ಗುಡ್ಡದಾಗ ಹುಲಿ ಬಂದೈತಿ ಅಂದೆ. ಒಬ್ಬಾಂವ ನಂಬಲಿಲ್ಲ. ಹರವಿ ಹೋತು."

"ಅದಕ್ಕ ನನ್ನ ಹೆಸರ ಹೇಳಿದ್ರಿ?"

"ಈಗಿನ ಮಂದಿ ಕರು ನಂಬೂದಿಲ್ಲ, ಹುಲಿ ನಂಬೂದಿಲ್ಲ. ಕಲ್ತ ಹುಡುಗಗ ಸರಕಾರಿ ನೌಕರಿ ಆತು ಅಂದ್ರ ಕೂಡ್ಲೇ ನಂಬ್ತಾರ. ಕೆಟ್ಟದ್ದೇನರ ಹೇಳೀನೇನು? ಛಲೋದ ಹೇಳೀನಲ್ಲ!"

ನಾನು ಕಾರ್ಡು ಓದಿ ಹೇಳಿದೆ. ಕಾಕಾಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಕಾರ್ಡನ್ನು ಕೈಯಲ್ಲಿ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಅವರ ಹೆಬ್ಬೆರಳ ಗುರುತು ಅದರ ಮೇಲೆ ನೀಲಿಯಾಗಿ ಮೂಡಿತು.

"ಸುಳ್ಳು ವಾಪಸ್ ತಗೊಳ್ರಿ ಕಾಕಾ."

"ತಗೊಂಡ್ರ ಹರವಿ ಸಾಯತೈತಿ. ವಾಸನಿ ನೋಡು, ನಿನ್ನೆಕ್ಕಿಂತ ಇವತ್ತ ಕಡಿಮಿ ಐತಿ. ತಿರಗಾಕತ್ತೈತಿ. ಶುಕ್ರವಾರತನಾ ತಡಿ. ಶುಕ್ರವಾರ ನಾನ ಜಮಖಂಡಿಗೆ ಬಂದು ಹೇಳ್ತೀನಿ."

"ಸಭಾ ನಾಳೆ ಐತಿ."

ಕಾಕಾ ಹರವಿಯ ಬಾಯಿಗೆ ಗೋಣಿ ಮುಚ್ಚಿದರು, ಮತ್ತೆ ತೆರೆದರು, ಮತ್ತೆ ಮುಚ್ಚಿದರು. ಆ ಹರವಿಗೆಂದು ಬನಹಟ್ಟಿಯ ನೇಕಾರರು ಅಕ್ಷಯ ತದಿಗೆಯ ಮದುವೆಗಳ ಸೀರೆಗೆ ಬೇಕಾದ ನೂಲು ತಂದು ಹಾಕಿದ್ದರು. ಆ ಲಡಿಗಳಿಗೆ ಚೀಟಿ ಕಟ್ಟಿದವನು ನಾನೇ. ಯಾರ ಮನೆಯದು ಎಷ್ಟು ಎಂದು ನನಗೆ ಗೊತ್ತಿತ್ತು. ಆದರೂ ನಾನು ಹೇಳಿದೆ, "ಒಂದ ಹರವಿಗೆ ನನ್ನ ಬಿ.ಎ. ಸುರದ್ರಿ ನೀವು."

ಕಾಕಿ ಅಷ್ಟರಲ್ಲಿ ಬಾಗಿಲಿಗೆ ಬಂದು ನಿಂತಿದ್ದಳು. ಗಂಡನಿಗೆ ಹೇಳಿದಳು, "ನಾ ಅವತ್ತ ಬಡಕೊಂಡೆ. ಹುಲಿನ ಇರ್ಲಿ, ಇಲ್ಲಂದ್ರ ನನಗ ಅವಳಿ ಜವಳಿ ಆತು ಅಂತ ಹೇಳ್ರಿ ಅಂದೆ. ಮನಿ ಹುಡುಗನ್ನ ಹಾಕಬ್ಯಾಡ್ರಿ ಅಂದೆ."

"ನಿನಗ ಅವಳಿ ಜವಳಿ ಅಂದ್ರ ಯಾರ ನಂಬತಾರ ಈ ವಯಸ್ಸಿನ್ಯಾಗ?"

"ನೀವು ಖರೆ ಹೇಳ್ತೀರಿ ಅಂದ್ರ ಯಾರ ನಂಬತಾರ?"

ಬೇರೆ ದಿನವಾಗಿದ್ದರೆ ನಾನು ನಗುತ್ತಿದ್ದೆ. ಕಾಕಾನ ಮಾತು ನನಗೆ ಪೂರ್ತಿ ನಂಬಿಕೆಯಾಗಿರಲಿಲ್ಲ. ಹರವಿಯ ಕತೆಯೇ ಇನ್ನೊಂದು ಸುಳ್ಳಿರಬಹುದು. ನನ್ನನ್ನು ಇಲ್ಲಿ ಕಟ್ಟಿಹಾಕಲು ಹೂಡಿದ ಉಪಾಯ ಇರಬಹುದು. ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದ್ದೆ. ಬೆಲ್ಲದ ನೀರಿಗೂ ರೇಲ್ವೆ ನೌಕರಿಗೂ ಏನು ಸಂಬಂಧ?

ಗುರುವಾರ ಒಬ್ಬನೇ ಜಮಖಂಡಿಗೆ ಹೋದೆ. ವಕೀಲರ ಮನೆಯ ಹೊರಕಟ್ಟೆಯ ಮೇಲೆ ಮುಧೋಳದ ಗೆಳೆಯ ಹೊಸ ಅಂಗಿ ಹಾಕಿಕೊಂಡು ಕೂತಿದ್ದ. ಇಸ್ತ್ರಿಯ ಗೆರೆ ಇನ್ನೂ ಮುರಿದಿರಲಿಲ್ಲ. ನಾನು ಕಟ್ಟೆಯ ಇನ್ನೊಂದು ತುದಿಗೆ ಕೂತೆ.

ಮೂರಕ್ಕೆ ಒಳಗೆ ಕರೆದರು. ಪಡಸಾಲೆಯಲ್ಲಿ ವಕೀಲರು, ಇನ್ನಿಬ್ಬರು ಹಿರಿಯರು. ನನಗೆ ನೌಕರಿ ಸಿಕ್ಕಿಲ್ಲ ಎಂದೆ. ಹಿರಿಯರಲ್ಲೊಬ್ಬರು, ದಪ್ಪ ಕನ್ನಡಕದವರು, ತಲೆಯಾಡಿಸಿದರು.

"ಹಿಂಗಽ ಅಂತಾರ ಎಲ್ಲಾರೂ. ನೌಕರಿನೂ ಇರಲಿ, ನಿಧಿನೂ ಇರಲಿ. ಮೂರು ಊರಾಗಿನ ಮಂದಿ ಸುಳ್ಳು ಹೇಳ್ತಾರೇನು?"

"ಒಬ್ಬರು ಹೇಳಿದ್ದನ್ನ ಎಲ್ಲರೂ ಹೇಳ್ಯಾರ್ರಿ."

"ಯಾರವರು ಒಬ್ಬರು?"

ಇಲ್ಲಿ ನಾನು ಸಿಕ್ಕಿಬಿದ್ದೆ. ಕಾಕಾ ಎನ್ನಬೇಕು. ಕಾಕಾ ಯಾರು, ನೀನು ಅವರ ಮನೆಯಲ್ಲಿ ಏನು ಮಾಡುತ್ತೀ ಎಂದು ಕೇಳುತ್ತಾರೆ. ಕೊನೆಯ ಕಲಮಿನ ಕೆಳಗೆ ನನ್ನ ಸಹಿ ವಕೀಲರ ಮುಂದಿನ ಕಡತದಲ್ಲೇ ಇತ್ತು. ನಾನು ಬಾಯಿ ತೆರೆದೆ, ಮುಚ್ಚಿದೆ. ಕೈಗಳನ್ನು ತೊಡೆಯ ಕೆಳಗೆ ಸೇರಿಸಿದೆ. ಕನ್ನಡಕದವರು "ನೋಡಿದ್ರಿಲ್ಲ?" ಎಂಬಂತೆ ವಕೀಲರ ಕಡೆ ನೋಡಿದರು. ವಕೀಲರು ಪೆನ್ನಿನ ಟೊಪ್ಪಿಗೆ ತೆಗೆದರು.

ಹೊರಗೆ ಕೆರ ಬಿಡುವ ಸಪ್ಪಳವಾಯಿತು. ಕಾಕಾ ಬಾಗಿಲಲ್ಲಿ ನಿಂತಿದ್ದರು. ತಲೆಗೆ ಮದುವೆಗೆ ಸುತ್ತುವ ರುಮಾಲು, ಕೈಗಳು ಹಾಗೆಯೇ ನೀಲಿ. ಬರುವ ದಾರಿಯಲ್ಲಿ ಯಾರೋ ಹರವಿಯಲ್ಲಿ ಅದ್ದಿ ತೆಗೆದಂತೆ ಕಾಣುತ್ತಿದ್ದರು.

"ಸುಳ್ಳು ನಂದ್ರಿ," ಎಂದರು, ಕೈಮುಗಿಯುವುದಕ್ಕೂ ಮೊದಲು. "ಹುಡುಗಗ ಯಾ ನೌಕರಿನೂ ಆಗಿಲ್ಲ. ನನ್ನ ಹರವಿ ಕೆಟ್ಟಿತ್ತರಿ, ಅದಕ್ಕ ಬಿಟ್ಟ ಸುಳ್ಳದು."

ಕನ್ನಡಕದವರು ನಕ್ಕುಬಿಟ್ಟರು. ವಕೀಲರು ನಗಲಿಲ್ಲ. "ನಿನ್ನೆ ಸುಳ್ಳು ಹೇಳಿದಂವ ಇವತ್ತ ಖರೆ ಹೇಳ್ಲಿಕತ್ತಾನ ಅಂತ ಹ್ಯಾಂಗ ನಂಬಬೇಕು ನಾವು?"

"ನಂಬಬ್ಯಾಡ್ರಿ. ಬಂದು ನನ್ನ ಹರವಿ ನೋಡ್ರಿ. ತಿರಗಾಕತ್ತಿತ್ತರಿ ಅದು. ಈಗ ನಾ ಬಾಯಿಬಿಟ್ಟೀನಿ, ಸಂಜಿಗೆ ಸತ್ತಿರತೈತಿ. ಮದುವಿ ನೂಲ್ರಿ ಅದು. ಅದನ್ನ ಸಾಯಿಸಿ ನಿಮ್ಮ ಮುಂದ ಇನ್ನೊಂದ ಸುಳ್ಳ ಹೇಳಾಕ ನನಗೇನ ಹುಚ್ಚ ಹಿಡದೈತೇನ್ರಿ?" ಎಂದವರೇ, ನನ್ನ ಕಡೆ ಕೈ ತೋರಿಸಿ, "ಎರಡ ವರ್ಷ ಆತರಿ ಸೂಟಿಯೊಳಗ ನನ್ನ ಕಡೆ ಕೆಲಸಾ ಮಾಡಾಕತ್ತು. ಒಂದ ಚೀಟಿ ತಪ್ಪಿಲ್ಲ," ಎಂದರು.

ನನ್ನನ್ನು ಉಳಿಸಲು ಬಂದವರು ಅದೇ ಉಸಿರಿನಲ್ಲಿ ನನ್ನನ್ನು ಮುಗಿಸಿದ್ದರು. ಅವರಿಗದು ಹೊಗಳಿಕೆ. ಕಲಮಿನ ವಿಷಯ ನಾನು ಅವರಿಗೆ ಎಂದೂ ಹೇಳಿರಲಿಲ್ಲ. ಯಾರಿಗೂ ಹೇಳದೆ ಇಟ್ಟಿದ್ದೆನಲ್ಲ.

"ಅಂದ್ರ ಕೆಲಸಾ ಮಾಡ್ತಾನ," ಎಂದರು ಕನ್ನಡಕದವರು ನಗು ನಿಲ್ಲಿಸಿ. "ಸಹಿ ಮಾಡ್ಯಾನಲ್ಲ ಇಲ್ಲೆ?"

ವಕೀಲರು ನನ್ನ ತೊಡೆಯ ಕಡೆ ನೋಡಿದರು. "ಕೈ ಮ್ಯಾಲೆ ಇಡು," ಎಂದರು. ಇಟ್ಟೆ.

"ನಿನ್ನ ಉಗುರು ನಾ ಎರಡು ವರ್ಷದಿಂದ ನೋಡ್ಲಿಕತ್ತೇನಿ. ಯಾಕ ಹೇಳಲಿಲ್ಲ?"

"ಹೇಳಿದ್ರ ನಿಧಿ ನಿಲ್ಲತದ ಅಂತ್ರಿ."

"ಮತ್ತ ಕೆಲಸಾ ಯಾಕ ಬಿಡಲಿಲ್ಲ?"

"ಬಿಟ್ರ ಓದು ನಿಲ್ಲತದ್ರಿ."

ಅವರು ಮೂವರೂ ಒಳಗಿನ ಖೋಲಿಗೆ ಹೋಗಿ ಮಾತಾಡಿದರು. ಕಾಕಾ ನೆಲದ ಮೇಲೆ ಕೂತು ತಮ್ಮ ರುಮಾಲಿನ ತುದಿಯನ್ನು ಬಿಚ್ಚಿ ಕಟ್ಟಿ ಮಾಡುತ್ತಿದ್ದರು. ಹೊರಗೆ ಬಂದು ವಕೀಲರು ತೀರ್ಮಾನ ಹೇಳಿದರು. ಮುಚ್ಚಿಟ್ಟದ್ದು ತಪ್ಪು. ದುಡಿದದ್ದು ತಪ್ಪಲ್ಲ. ಆದರೆ ದುಡಿಯುವವನಿಗೆ ಪೂರ್ತಿ ಸಹಾಯ ಕೊಟ್ಟರೆ ಉಳಿದವರಿಗೆ ಅನ್ಯಾಯ. ಆದ್ದರಿಂದ ಅರ್ಧ ನನಗೆ, ಅರ್ಧ ಕಟ್ಟೆಯ ಮೇಲೆ ಕೂತ ಹುಡುಗನಿಗೆ. ಫಾರ್ಮಿನ ಆ ಕಲಮನ್ನು ಅವರೇ ಪೆನ್ನಿನಿಂದ ಹೊಡೆದುಹಾಕಿದರು.

ಎಲ್ಲರಿಗೂ ಅದು ನ್ಯಾಯವೆಂದೇ ಕಂಡಿತು. ನನಗೂ ಕಂಡಿತು.

ರಬಕವಿಗೆ ಬಂದಾಗ ಹೊತ್ತು ಮುಳುಗಿತ್ತು. ಕಾಕಾ ನೇರವಾಗಿ ಹಿತ್ತಲಿಗೆ ಹೋದರು. ಹರವಿಗೆ ಮುಚ್ಚಿದ ಗೋಣಿ ತೆಗೆದು ಮೂಸಿದರು, ಕೈ ಅದ್ದಿ ನಾಲಿಗೆಯ ತುದಿಗೆ ಹಚ್ಚಿಕೊಂಡರು, ಬಕೀಟು ತಂದು ಮೊಗೆದು ಸುರಿಯತೊಡಗಿದರು. ಅದು ನಿಜವಾಗಿ ಸತ್ತಿತ್ತೋ, ಸತ್ತಿದೆಯೆಂದು ಅವರೇ ನಂಬಿ ಸುರಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಸುರಿದ ಜಾಗದಲ್ಲಿ ಮಳೆ ಬೀಳುವವರೆಗೂ ಮಣ್ಣು ನೀಲಿಯಾಗಿತ್ತು. ನೇಕಾರರಿಗೆ ಏನು ಹೇಳಿದರೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಆ ಸೂಟಿ ಮುಗಿಯುವ ತನಕ ಅವರು ನನಗೆ ಒಂದು ಬಿರುಸು ಮಾತೂ ಆಡಲಿಲ್ಲ. ಅವರು ಬೈದಿದ್ದರೆ ನಾನು ಅವರ ಮೇಲೆ ಸಂಶಯಪಟ್ಟದ್ದನ್ನು ಹೇಳಿಬಿಡುತ್ತಿದ್ದೆ. ಬೈಯಲಿಲ್ಲ, ನಾನು ಹೇಳಲಿಲ್ಲ.

ಜೂನಿನಲ್ಲಿ ಕಾಲೇಜಿಗೆ ಹೋದೆವು, ಇಬ್ಬರೂ, ಬೇರೆ ಬೇರೆ ಖೋಲಿಗೆ. ಅರ್ಧ ಸಹಾಯದಲ್ಲಿ ನಾನು ಹೇಗೋ ನಿಭಾಯಿಸಿದೆ. ಈಗ ಮುಚ್ಚಿಡುವುದೇನೂ ಇರಲಿಲ್ಲವಾದ್ದರಿಂದ ಕಾಲೇಜಿನ ವಾಚನಾಲಯದಲ್ಲಿ ಸಂಜೆ ಪುಸ್ತಕ ಕೊಡುವ, ಮರಳಿ ಇಡುವ ಕೆಲಸ ಕೇಳಿ ಪಡೆದೆ. ಮುಧೋಳದ ಗೆಳೆಯನಿಗೆ ಅರ್ಧ ಸಹಾಯವಷ್ಟೇ ಇತ್ತು. ಕೆಲಸ ಕೇಳುವುದು ಹೇಗೆ, ಯಾರನ್ನು ಕೇಳುವುದು ಎಂದು ಅವನಿಗೆ ಗೊತ್ತಿರಲಿಲ್ಲ, ಗೊತ್ತಿದ್ದ ನಾನು ಅವನೊಡನೆ ಮಾತು ಬಿಟ್ಟಿದ್ದೆ. ದಸರೆಯ ಹೊತ್ತಿಗೆ ಅವನು ಕ್ಲಾಸಿಗೆ ಬರುವುದು ನಿಂತಿತು. ದೀಪಾವಳಿಗೆ ಊರಿಗೆ ಹೋದವನು ಮರಳಲಿಲ್ಲ. ಲೋಕಾಪುರದ ಕಡೆ ಒಂದು ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಾಗಿದ್ದಾನೆಂದು ಯಾರೋ ಹೇಳಿದರು. ನಾನು ಮೊದಲು ನಂಬಲಿಲ್ಲ. ಆ ವರ್ಷದ ಮೇಲೆ ನಾನು ಯಾರ ನೌಕರಿಯ ಸುದ್ದಿಯನ್ನೂ ಕೂಡಲೇ ನಂಬಿದವನಲ್ಲ.

ನನ್ನ ನಿದ್ದೆ ಕೆಟ್ಟದ್ದು ಆ ಚಳಿಗಾಲದಲ್ಲಿ. ಬೆಳಗಿನ ಜಾವ ಎಚ್ಚರಾಗುತ್ತಿತ್ತು, ಎಚ್ಚರಾದೊಡನೆ ಆ ಪಡಸಾಲೆ ಕಣ್ಣ ಮುಂದೆ ಬರುತ್ತಿತ್ತು. ವಕೀಲರು ಪೆನ್ನಿನ ಟೊಪ್ಪಿಗೆ ತೆಗೆಯುತ್ತಾರೆ. ಹೊರಗೆ ಕೆರದ ಸಪ್ಪಳವಾಗುತ್ತದೆ. ಕೆಲವು ಸಲ ಸಪ್ಪಳ ಆಗುವುದೇ ಇಲ್ಲ. ಕಾಕಾ ಬರುವುದೇ ಇಲ್ಲ. ಈಗಲೂ ಒಮ್ಮೊಮ್ಮೆ ಆ ಸಭೆ ನನ್ನೊಳಗೆ ಹಾಗೆ ನಡೆಯುತ್ತದೆ, ಪೆನ್ನು ಕಾಗದಕ್ಕೆ ತಾಗುತ್ತದೆ, ನಾನು ರಬಕವಿಯ ಚಾಪೆಯ ಮೇಲೆ ಮುದುಕನಾಗುತ್ತೇನೆ. ಎಷ್ಟು ಸಣ್ಣ ಅಂತರದಲ್ಲಿ ತಪ್ಪಿತು ಎನ್ನುವುದು ಒಂದು ಭಯ. ತಪ್ಪಿದ್ದು ಯಾರ ಮೇಲೆ ಹೋಗಿ ಬಿತ್ತು ಎನ್ನುವುದು ಇನ್ನೊಂದು.

ಮರುವರ್ಷ ಪರೀಕ್ಷೆ ಮುಗಿದ ಕೂಡಲೇ, ಊರಿಗೆ ಹೋಗುವ ಮೊದಲು, ವಾಚನಾಲಯದ ಮುಖ್ಯಸ್ಥರನ್ನು ಕಂಡೆ. ನನಗೆ ಒಂದು ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸ ಸಿಕ್ಕಿದೆ, ಇಲ್ಲಿನ ಜಾಗಕ್ಕೆ ಮುಧೋಳದವನೊಬ್ಬನನ್ನು ತೆಗೆದುಕೊಳ್ಳುತ್ತೀರಾ ಎಂದು ಕೇಳಿದೆ. ಬರಲಿ, ನೋಡೋಣ ಎಂದರು. ಬೀಳಗಿಗೆ ಹೋಗುವ ಬದಲು ಲೋಕಾಪುರದ ಮೋಟಾರು ಹತ್ತಿದೆ.

ಅವನ ಶಾಲೆ ಎರಡು ಖೋಲಿ, ಮುಂದೊಂದು ಬೇವಿನ ಗಿಡ. ಒಂದು ಖೋಲಿಯ ಮೂಲೆಯಲ್ಲೇ ಅವನ ವಾಸ. ನನ್ನನ್ನು ನೋಡಿ ಎದ್ದು ನಿಲ್ಲಲಿಲ್ಲ. ಚೂರು ನಕ್ಕ.

"ಬಾ. ಕಾಕಾನ ಸುಳ್ಳು ಖರೆ ಆತಲ್ಲ. ನೌಕರಿ ಆತು, ನಿನಗಲ್ಲ, ನನಗ."

"ನಿನ್ನ ಮ್ಯಾಲೆ ಸಂಶೇ ಪಟ್ಟೆ. ತಪ್ಪಾತು."

"ಹೌದು, ತಪ್ಪಾತು. ನಂದೂ ಆತು. ಆ ಅಂಗಿ ಹಾಕೊಂಡು ಕಟ್ಟಿ ಮ್ಯಾಲೆ ಕುಂತಾಗ, ಒಳಗ ನೀ ಸೋಲಲಿ ಅಂತ ಕುಂತಿದ್ದೆ. ಕೇಳಿಸೇತಿ? ಬಾಯಿಬಿಟ್ಟು ಹೇಳಾಕತ್ತೀನಿ."

ನಾನು ವಾಚನಾಲಯದ ಮಾತು ಹೇಳಿದೆ. ನಿಧಿಯ ಅರ್ಧ ಅವನ ಹೆಸರಿಗೆ ಇನ್ನೂ ಇದೆಯೆಂದು ದಾರಿಯಲ್ಲಿ ಜಮಖಂಡಿಯ ವಕೀಲರಿಂದ ತಿಳಿದು ಬಂದಿದ್ದೆ, ಅದನ್ನೂ ಹೇಳಿದೆ. ಅವನು ಮಕ್ಕಳ ಪಾಟಿಗಳನ್ನು ಒಂದರ ಮೇಲೊಂದು ಜೋಡಿಸಿ ಮೂಲೆಗೆ ಇಟ್ಟ.

"ಬೆಳಿಗ್ಗೆ ಹೇಳ್ತೀನಿ," ಎಂದ. "ಅಲ್ಲೀತನಾ ಯಾರಿಗೂ ಹೇಳಬ್ಯಾಡ. ನಿಮ್ಮ ಕಾಕಾಗಂತೂ ಹೇಳಲೇ ಬ್ಯಾಡ."

ಜೋಳದ ರೊಟ್ಟಿ, ಪುಂಡಿಪಲ್ಯ ಮಾಡಿ ಹಾಕಿದ. ಅದೇ ಖೋಲಿಯ ನೆಲದ ಮೇಲೆ ಅವನ ಚಾದರ ಹೊದ್ದು ಮಲಗಿದೆ. ಬೆಳಗಿನ ಜಾವದ ಎಚ್ಚರಕ್ಕೆ ಕಾಯುತ್ತಲೇ ಕಣ್ಣು ಮುಚ್ಚಿದೆ.

ಕಣ್ಣು ತೆರೆದಾಗ ಬಿಸಿಲು ಮುಖದ ಮೇಲಿತ್ತು. ಬೇಸಿಗೆಯ ಬೆಳಗಿನ ಶಾಲೆಗೆ ಬಂದ ಮಕ್ಕಳು ನನ್ನ ಸುತ್ತ ಸಾಲಾಗಿ ಕೂತು ಪಾಟಿ ಹಿಡಿದಿದ್ದರು, ಮುಂದಿನ ಸಾಲಿನವರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಹಲಗೆಯ ಹತ್ತಿರ ಅವನು ಛಡಿ ಹಿಡಿದು ನಿಂತಿದ್ದ.

"ಪ್ರಾರ್ಥನೆ ಆತು, ಮಗ್ಗಿ ಆತು," ಎಂದ. "ಎಬ್ಬಿಸಬ್ಯಾಡ್ರಿ ಅಂತ ನಾನ ಹೇಳೀನಿ. ಏಳು, ಮಾರಿ ತೊಳಕೋ. ಜೂನಿಗೆ ಯಾವತ್ತ ಹಾಜರ ಆಗಬೇಕು, ಅದನ್ನ ಹೇಳು."